ವೈ-ಫೈ ಸಿಕ್ಕಿದೆ, ಇಂಟರ್‌ನೆಟ್ ಇಲ್ಲ: ಕೋ-ವರ್ಕಿಂಗ್ ಜಾಗದಲ್ಲಿ ಲ್ಯಾಪ್‌ಟಾಪ್ ಕೈಕೊಟ್ಟಾಗ ಏನು ಮಾಡಬೇಕು?

"ಫೋನಿನಲ್ಲಿ ಬರುತ್ತಿದೆ, ಲ್ಯಾಪ್‌ಟಾಪಿನಲ್ಲಿ ಮಾತ್ರ ಬರುತ್ತಿಲ್ಲ." ಓದುಗರು ಕಳುಹಿಸುವ ಪ್ರಶ್ನೆಗಳಲ್ಲಿ ಈ ವಾಕ್ಯ ಎಷ್ಟು ಸಲ ಬರುತ್ತದೆಯೆಂದರೆ, ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರಿಸುವ ಬದಲು ಒಂದೇ ಕಡೆ ಬರೆದಿಡುವುದು ಮೇಲು ಅನ್ನಿಸಿತು. ಕೇಳುವವರಲ್ಲಿ ಹೆಚ್ಚಿನವರು ಮನೆಯಿಂದ ಕೆಲಸ ಮಾಡುವವರು. ಕರೆಂಟು ಹೋದಾಗಲೋ, ಮನೆಯ ಲೈನು ಕೆಟ್ಟಾಗಲೋ ದಿನದ ಬಾಡಿಗೆ ಕೊಟ್ಟು ಕೋ-ವರ್ಕಿಂಗ್ ಜಾಗಕ್ಕೆ ಹೋಗಿ ಕೂರುತ್ತಾರೆ. ಮೀಟಿಂಗಿಗೆ ಹತ್ತು ನಿಮಿಷ ಇರುವಾಗ ಲ್ಯಾಪ್‌ಟಾಪ್ 'ಕನೆಕ್ಟೆಡ್, ನೋ ಇಂಟರ್‌ನೆಟ್' ಎಂದು ತೋರಿಸುತ್ತದೆ.

ಮನೆಯಲ್ಲಾದರೆ ರೂಟರ್ ನಿಮ್ಮದು, ಆರಿಸಿ ಹಚ್ಚಿದರೆ ಅರ್ಧ ತೊಂದರೆ ಪರಿಹಾರ. ಇಲ್ಲಿ ರೂಟರ್ ಎಲ್ಲಿದೆಯೆಂದೇ ನಿಮಗೆ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಮುಟ್ಟುವಂತಿಲ್ಲ. ಹಾಗಾಗಿ ಇಲ್ಲಿ ನಿಮಗಿರುವ ಕೆಲಸ ಎರಡೇ. ಸಂಪರ್ಕ ಯಾವ ಹಂತದಲ್ಲಿ ನಿಂತಿದೆ ಎಂದು ಪತ್ತೆ ಮಾಡುವುದು ಮೊದಲನೆಯದು. ದೋಷ ನಿಮ್ಮ ಲ್ಯಾಪ್‌ಟಾಪಿನದಾದರೆ ಸರಿಪಡಿಸುವುದು, ಅಲ್ಲದಿದ್ದರೆ ಸರಿಯಾದ ಮಾಹಿತಿಯೊಂದಿಗೆ ಅಲ್ಲಿನವರಿಗೆ ತಿಳಿಸುವುದು ಎರಡನೆಯದು. ಪತ್ತೆ ಮಾಡುವ ಮೊದಲೇ ಡ್ರೈವರ್ ತೆಗೆದು ಹಾಕುವುದು, ನೆಟ್‌ವರ್ಕ್ ರೀಸೆಟ್ ಮಾಡುವುದು ಇವೆಲ್ಲ ಗಾಬರಿಯ ಕೆಲಸಗಳು. ಇದ್ದ ತೊಂದರೆಯ ಮೇಲೆ ಇನ್ನೊಂದು ತೊಂದರೆ ಬಂದು ಕೂರುತ್ತದೆ.

ಇಂಟರ್‌ನೆಟ್ ನಿಮ್ಮ ಪರದೆಗೆ ಬರುವ ಹಾದಿಯಲ್ಲಿ ಐದು ಮೆಟ್ಟಿಲುಗಳಿವೆ: ರೇಡಿಯೋ ಸಂಪರ್ಕ, ಐಪಿ ವಿಳಾಸ, ಲಾಗಿನ್ ಪುಟ, ಡಿಎನ್‌ಎಸ್ (ತಾಣದ ಹೆಸರನ್ನು ಸಂಖ್ಯೆಯ ವಿಳಾಸಕ್ಕೆ ಬದಲಿಸುವ ವ್ಯವಸ್ಥೆ), ಕೊನೆಗೆ ನೀವು ತೆರೆಯಬೇಕಾದ ಜಾಲತಾಣ ಅಥವಾ ಆ್ಯಪ್. ಕೆಳಗಿನ ಹಂತಗಳು ಇದೇ ಕ್ರಮದಲ್ಲಿವೆ. ನಡುವೆ ಯಾವುದನ್ನೂ ಹಾರಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಫಲ ನೋಡಿ, ಮುಂದೆ ಹೋಗಿ.

ಕೈಯಲ್ಲಿ ಇರಬೇಕಾದವು

ಡೇಟಾ ಇರುವ ಫೋನು, ಅದನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಕೇಬಲ್ಲು, ಸ್ವಾಗತದ ಮೇಜಿನಲ್ಲಿ ಕೇಳಿ ಬರೆದುಕೊಂಡ ನೆಟ್‌ವರ್ಕಿನ ನಿಖರ ಹೆಸರು ಮತ್ತು ಪಾಸ್‌ವರ್ಡ್. ಗೋಡೆಗೆ ಅಂಟಿಸಿದ ಚೀಟಿಯನ್ನು ಪೂರ್ತಿ ನಂಬಬೇಡಿ. ಪಾಸ್‌ವರ್ಡ್ ಬದಲಾದರೂ ಚೀಟಿ ಬದಲಾಗಿರುವುದಿಲ್ಲ.

ಲ್ಯಾಪ್‌ಟಾಪ್ ಕಂಪನಿ ಕೊಟ್ಟದ್ದಾದರೆ ಕಂಪನಿಯ ಐಟಿ ವಿಭಾಗದ ಸಂಖ್ಯೆಯೂ ಇರಲಿ. ಅಂಥ ಯಂತ್ರಗಳಲ್ಲಿ ಹಲವು ಸೆಟ್ಟಿಂಗ್‌ಗಳಿಗೆ ಬೀಗ ಹಾಕಿರುತ್ತಾರೆ. ಬೀಗ ಇಲ್ಲದಿದ್ದರೂ 7ನೇ ಹಂತಕ್ಕೆ ಅವರನ್ನು ಕೇಳದೆ ಕೈ ಹಾಕಬೇಡಿ.

1. ತಪ್ಪು ಯಾರದು? ಮೊದಲು ಇದನ್ನು ತೀರ್ಮಾನಿಸಿ

ಫೋನಿನಲ್ಲಿ ಬರುತ್ತಿದೆ ಎನ್ನುವ ಮಾತನ್ನೇ ಮೊದಲು ಅನುಮಾನಿಸಿ. ಇಂದಿನ ಫೋನುಗಳು ವೈ-ಫೈಗೆ ಜೋಡಿಸಿಕೊಂಡಿದ್ದರೂ, ಅದರಲ್ಲಿ ಇಂಟರ್‌ನೆಟ್ ಇಲ್ಲವೆಂದು ಕಂಡರೆ ಸದ್ದಿಲ್ಲದೆ ಮೊಬೈಲ್ ಡೇಟಾಗೆ ಹೊರಳುತ್ತವೆ. ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಈ ಗುಣವಿದೆ. ನೀವು ವೈ-ಫೈಯಲ್ಲಿ ನೋಡುತ್ತಿದ್ದೇನೆ ಎಂದುಕೊಂಡ ವಿಡಿಯೋ ನಿಮ್ಮ ಸಿಮ್ಮಿನ ಡೇಟಾ ತಿನ್ನುತ್ತಿರಬಹುದು. ಆದ್ದರಿಂದ ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ಅದೇ ವೈ-ಫೈಗೆ ಜೋಡಿಸಿ, ಈ ಮೊದಲು ತೆರೆಯದ ಒಂದು ಪುಟ ತೆರೆಯಿರಿ. ಬರಲಿಲ್ಲವೆಂದರೆ ತೊಂದರೆ ಲ್ಯಾಪ್‌ಟಾಪಿನದಲ್ಲ.

ಮುಂದಿನ ಪರೀಕ್ಷೆ ಇದಕ್ಕೆ ವಿರುದ್ಧ ದಿಕ್ಕಿನದು. ಮೊಬೈಲ್ ಡೇಟಾ ಮತ್ತೆ ಆನ್ ಮಾಡಿ, ಫೋನಿನ ಹಾಟ್‌ಸ್ಪಾಟ್ ಹಚ್ಚಿ, ಲ್ಯಾಪ್‌ಟಾಪನ್ನು ಅದಕ್ಕೆ ಜೋಡಿಸಿ. ಹಾಟ್‌ಸ್ಪಾಟಿನಲ್ಲಿ ಎಲ್ಲವೂ ಸರಾಗವಾದರೆ ಲ್ಯಾಪ್‌ಟಾಪಿನ ವೈ-ಫೈ ಯಂತ್ರಾಂಶ, ಡ್ರೈವರ್ (ಯಂತ್ರಾಂಶವನ್ನು ನಡೆಸುವ ತಂತ್ರಾಂಶ) ಎರಡೂ ಕೆಲಸ ಮಾಡುತ್ತಿವೆ, ಹುಡುಕಬೇಕಾದದ್ದು 2ರಿಂದ 6ನೇ ಹಂತಗಳಲ್ಲಿ. ಹಾಟ್‌ಸ್ಪಾಟಿನಲ್ಲೂ ಬರದಿದ್ದರೆ ಸೀದಾ 7ಕ್ಕೆ ಹೋಗಿ. ಎರಡೇ ನಿಮಿಷದ ಈ ಪರೀಕ್ಷೆ ಒಂದು ಗಂಟೆಯ ತಡಕಾಟವನ್ನು ಉಳಿಸುತ್ತದೆ.

ಪಕ್ಕದ ಮೇಜಿನವರನ್ನೂ ಕೇಳಿ. ಈಗಷ್ಟೇ ಕರೆಂಟು ಹೋಗಿ ಜನರೇಟರ್ ಹತ್ತಿದ್ದರೆ ಏನನ್ನೂ ಮುಟ್ಟದೆ ಐದು ನಿಮಿಷ ಸುಮ್ಮನಿರಿ. ದೀಪ, ಫ್ಯಾನು ತಕ್ಷಣ ಬರುತ್ತವೆ. ಛಾವಣಿಗೆ ಅಂಟಿಸಿದ ಆ ಬಿಳಿ ತಟ್ಟೆಗಳಿಗೆ (ವೈ-ಫೈ ಸಂಕೇತ ಹೊರಡಿಸುವ ಆ್ಯಕ್ಸೆಸ್ ಪಾಯಿಂಟುಗಳು ಅವೇ) ಎಚ್ಚರವಾಗಲು ಇನ್ನಷ್ಟು ಹೊತ್ತು ಬೇಕು. ಎದ್ದ ಮೇಲೂ ಕೋಣೆಯ ಎಲ್ಲ ಲ್ಯಾಪ್‌ಟಾಪುಗಳೂ ಒಟ್ಟಿಗೇ ಅವುಗಳ ಮೇಲೆ ಮುಗಿಬೀಳುತ್ತವೆ.

2. ಸರಿಯಾದ ನೆಟ್‌ವರ್ಕಿಗೇ ಜೋಡಿಸಿದ್ದೀರಾ?

ಇಂಥ ಜಾಗಗಳಲ್ಲಿ ಒಂದೇ ಹೆಸರಿನ ಮುಂದೆ 'ಗೆಸ್ಟ್', 'ಸ್ಟಾಫ್', '5ಜಿ' ಎಂಬ ಬಾಲಗಳಿರುವ ಹಲವು ನೆಟ್‌ವರ್ಕುಗಳು ಕಾಣುತ್ತವೆ. ನಿಮಗೆ ಕೊಟ್ಟಿರುವುದು ಯಾವುದೆಂದು ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಇಲ್ಲಿನ '5ಜಿ' ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್ ರೇಡಿಯೋ ಆವರ್ತನ. ಹಳೆಯ ಕೆಲವು ಲ್ಯಾಪ್‌ಟಾಪುಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ತಿಳಿಯುತ್ತದೆ, ಅವುಗಳ ಪಟ್ಟಿಯಲ್ಲಿ ಇನ್ನೊಂದು ಕಾಣುವುದೇ ಇಲ್ಲ. ಎದುರಿನವರಿಗೆ ಕಾಣುವ ಹೆಸರು ನಿಮಗೆ ಕಾಣದಿದ್ದರೆ ಇದೇ ಕಾರಣವಿರಬಹುದು.

ಹೋದ ತಿಂಗಳು ಸಲೀಸಾಗಿದ್ದ ಜಾಗದಲ್ಲಿ ಈ ತಿಂಗಳು 'ಕಾಂಟ್ ಕನೆಕ್ಟ್' ಎಂದು ಬಂದರೆ ಪಾಸ್‌ವರ್ಡ್ ಬದಲಾಗಿರುವ ಸಂಭವ ಹೆಚ್ಚು. ವಿಂಡೋಸ್ ಹಳೆಯ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಪ್ರಯತ್ನಿಸಿ ಸೋಲುತ್ತದೆ, ಹೊಸದನ್ನು ಕೇಳುವ ಸೌಜನ್ಯ ಎಲ್ಲ ಸಲವೂ ತೋರಿಸುವುದಿಲ್ಲ. ಆ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ 'ಫರ್ಗೆಟ್' ಒತ್ತಿ, ಹೊಸದಾಗಿ ಜೋಡಿಸಿ.

ಎಚ್ಚರಿಕೆ: ಒಂದೇ ಹೆಸರು ಎರಡು ಸಲ ಕಂಡು, ಒಂದಕ್ಕೆ ಬೀಗದ ಗುರುತಿದ್ದು ಇನ್ನೊಂದಕ್ಕೆ ಇಲ್ಲದಿದ್ದರೆ, ಬೀಗವಿಲ್ಲದ್ದರ ಹತ್ತಿರ ಹೋಗಬೇಡಿ. ನಿಮ್ಮ ಮಾಹಿತಿ ಕದಿಯಲು ಯಾರೋ ಹಬ್ಬಿಸಿದ ನಕಲಿ ನೆಟ್‌ವರ್ಕ್ ಅದಾಗಿರಬಹುದು. ಸ್ವಾಗತದ ಮೇಜಿನಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಜೋಡಿಸಿಕೊಂಡ ಮೇಲೆ ವಿಂಡೋಸಿನಲ್ಲಿ ಆ ನೆಟ್‌ವರ್ಕ್ 'ಪಬ್ಲಿಕ್' ಎಂದೇ ಇರಲಿ, 'ಪ್ರೈವೇಟ್' ಮಾಡಬೇಡಿ.

3. ಸಂಕೇತದ ಬಲ

ಪರದೆಯ ಮೂಲೆಯ ಕಮಾನುಗಳು ಅಂದಾಜು ಹೇಳುತ್ತವೆ, ಅಷ್ಟೆ. ಮ್ಯಾಕಿನಲ್ಲಿ ಆಪ್ಷನ್ ಕೀಲಿ ಒತ್ತಿ ಹಿಡಿದು ವೈ-ಫೈ ಗುರುತಿನ ಮೇಲೆ ಕ್ಲಿಕ್ಕಿಸಿದರೆ 'ಆರ್‌ಎಸ್‌ಎಸ್‌ಐ' ಎಂಬ ಋಣ ಸಂಖ್ಯೆ ಕಾಣುತ್ತದೆ. ಅದು ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು: -60ರ ಆಸುಪಾಸು ಚೆನ್ನ, -75 ದಾಟಿದರೆ ವಿಡಿಯೋ ಕರೆ ತಡವರಿಸುತ್ತದೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್‌ನೆಟ್, ವೈ-ಫೈ, ಆಮೇಲೆ ನೆಟ್‌ವರ್ಕಿನ ಹೆಸರಿನ 'ಪ್ರಾಪರ್ಟೀಸ್' ತೆರೆದರೆ ಆವರ್ತನ, ಚಾನೆಲ್, ಲಿಂಕ್ ವೇಗ ಕಾಣುತ್ತವೆ. ಈ ಪುಟವನ್ನು ನೆನಪಿಟ್ಟುಕೊಳ್ಳಿ, ಮುಂದೆ ಎರಡು ಸಲ ಬೇಕಾಗುತ್ತದೆ.

ಸಂಕೇತ ದುರ್ಬಲವಾಗಿದ್ದರೆ ಜಾಗ ಬದಲಿಸಿ. ಫೋನಿನಲ್ಲಿ ಮಾತನಾಡಲು ಮಾಡಿದ ಪುಟ್ಟ ಗೂಡುಗಳು, ಲೋಹದ ಚೌಕಟ್ಟಿನ ಗಾಜಿನ ಕೋಣೆಗಳು ಸಂಕೇತವನ್ನು ಹೀರುತ್ತವೆ; 5 ಗಿಗಾಹರ್ಟ್ಸ್ ಅಂತೂ ಗೋಡೆ ದಾಟುವುದರಲ್ಲಿ ಇನ್ನೂ ಸೋಮಾರಿ. ಒಂದು ಮಹಡಿಯಿಂದ ಇನ್ನೊಂದಕ್ಕೆ ಬಂದಿದ್ದರೆ ಲ್ಯಾಪ್‌ಟಾಪ್ ಇನ್ನೂ ಕೆಳಗಿನ ಮಹಡಿಯ ಆ್ಯಕ್ಸೆಸ್ ಪಾಯಿಂಟನ್ನೇ ಹಿಡಿದು ನೇತಾಡುತ್ತಿರಬಹುದು. ವೈ-ಫೈ ಒಮ್ಮೆ ಆರಿಸಿ ಹಚ್ಚಿ, ಹತ್ತಿರದ್ದನ್ನು ಹಿಡಿಯುತ್ತದೆ.

ಹೆಚ್ಚಿನವರಿಗೆ ಹೊಳೆಯದ ಒಂದು ಕಾರಣ ಲ್ಯಾಪ್‌ಟಾಪಿನ ಪಕ್ಕದಲ್ಲೇ ಇರುತ್ತದೆ. ಯುಎಸ್‌ಬಿ 3 ಹಬ್ಬು, ಹೊರಗಿನ ಹಾರ್ಡ್ ಡಿಸ್ಕು ಇವು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ರೇಡಿಯೋ ಗದ್ದಲ ಎಬ್ಬಿಸುತ್ತವೆ. ಇಂಟೆಲ್ ಕಂಪನಿ 2012ರಲ್ಲೇ ಈ ಬಗ್ಗೆ ತಾಂತ್ರಿಕ ಟಿಪ್ಪಣಿ ಪ್ರಕಟಿಸಿದೆ. ಹಬ್ಬನ್ನು ಕಿತ್ತು ನೋಡಿ. ಸಂಪರ್ಕ ಚುರುಕಾದರೆ ಉದ್ದದ ಕೇಬಲ್ ಬಳಸಿ ಅದನ್ನು ದೂರ ಇಡಿ, ಅಥವಾ 5 ಗಿಗಾಹರ್ಟ್ಸ್ ನೆಟ್‌ವರ್ಕಿಗೆ ಹೋಗಿ.

4. ವಿಳಾಸ ಸಿಕ್ಕಿದೆಯೇ?

ನೆಟ್‌ವರ್ಕಿಗೆ ಬಂದ ಪ್ರತಿ ಸಾಧನಕ್ಕೂ ಒಂದು ಐಪಿ ವಿಳಾಸ ಬೇಕು. ಅದನ್ನು ಹಂಚುವ ವ್ಯವಸ್ಥೆಯ ಹೆಸರು ಡಿಎಚ್‌ಸಿಪಿ. ದರ್ಶಿನಿಯ ಕೌಂಟರಿನಲ್ಲಿ ಟೋಕನ್ ಕೊಡುವ ಹಾಗೆ ಅದು ಬಂದವರಿಗೆಲ್ಲ ಒಂದೊಂದು ಸಂಖ್ಯೆ ಕೊಡುತ್ತದೆ, ಇಷ್ಟು ಹೊತ್ತಿಗೆ ಮಾತ್ರ ಎಂಬ ಅವಧಿಯೊಂದಿಗೆ.

ಮೇಲೆ ಹೇಳಿದ ಪ್ರಾಪರ್ಟೀಸ್ ಪುಟದಲ್ಲಿ 'ಐಪಿವಿ4 ಅಡ್ರೆಸ್' ಎಂಬಲ್ಲಿ ನೋಡಿ. ಮ್ಯಾಕಿನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್, ವೈ-ಫೈ, 'ಡೀಟೇಲ್ಸ್', 'ಟಿಸಿಪಿ/ಐಪಿ'. ಸಂಖ್ಯೆ 192.168, 10 ಅಥವಾ 172ರಿಂದ ಶುರುವಾಗಿದ್ದರೆ ಸಾಮಾನ್ಯವಾಗಿ ಈ ಮೆಟ್ಟಿಲು ದಾಟಿದಿರಿ. 169.254ರಿಂದ ಶುರುವಾಗಿದ್ದರೆ ನಿಮಗೆ ಯಾರೂ ವಿಳಾಸ ಕೊಟ್ಟಿಲ್ಲ, ಲ್ಯಾಪ್‌ಟಾಪ್ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಅದರಿಂದ ಇಂಟರ್‌ನೆಟ್ ಬರುವುದಿಲ್ಲ.

ಜನ ಹೆಚ್ಚು ಬಂದುಹೋಗುವ ಕಡೆ ಇದು ಮಧ್ಯಾಹ್ನದ ಕಾಯಿಲೆ. ಸಾಧಾರಣ ನೆಟ್‌ವರ್ಕಿನ ಒಂದು ಗುಂಪಿನಲ್ಲಿ ಬಳಸಬಹುದಾದ ವಿಳಾಸಗಳು 254 ಮಾತ್ರ. ಒಬ್ಬೊಬ್ಬರ ಫೋನು, ಲ್ಯಾಪ್‌ಟಾಪು, ಕೈಗಡಿಯಾರ ಎಲ್ಲವೂ ಒಂದೊಂದು ಹಿಡಿದುಕೊಳ್ಳುತ್ತವೆ. ವಿಳಾಸದ ಅವಧಿಯನ್ನು ಇಡೀ ದಿನಕ್ಕೆ ಇಟ್ಟಿದ್ದರೆ ಬೆಳಿಗ್ಗೆ ಬಂದು ಎದ್ದುಹೋದವರ ವಿಳಾಸವೂ ಸಂಜೆಯವರೆಗೆ ಖಾಲಿಯಾಗುವುದಿಲ್ಲ. ತಡವಾಗಿ ಬಂದವರಿಗೆ ಏನೂ ಉಳಿದಿರುವುದಿಲ್ಲ.

ಮಾಡಬೇಕಾದದ್ದು: ವೈ-ಫೈ ಆರಿಸಿ ಹಚ್ಚಿ. ಮ್ಯಾಕಿನಲ್ಲಿ ಅದೇ ಪುಟದ 'ರಿನ್ಯೂ ಡಿಎಚ್‌ಸಿಪಿ ಲೀಸ್' ಒತ್ತಿ. ವಿಂಡೋಸಿನಲ್ಲಾದರೆ 'ಐಪಿ ಅಸೈನ್‌ಮೆಂಟ್' ಎಂಬುದು 'ಆಟೊಮ್ಯಾಟಿಕ್' ಎಂದಿದೆಯೇ ನೋಡಿ. ಮನೆಯಲ್ಲೋ ಹಳೆಯ ಆಫೀಸಿನಲ್ಲೋ ಯಾರೋ ಕೈಯಾರೆ ವಿಳಾಸ ತುಂಬಿಸಿಟ್ಟಿದ್ದರೆ ಅದು ಇಲ್ಲಿ ನಡೆಯುವುದಿಲ್ಲ. ಇಷ್ಟಾದರೂ 169.254 ಹೋಗದಿದ್ದರೆ, ಅದೂ ಪಕ್ಕದವರಿಗೂ ಹಾಗೇ ಆಗಿದ್ದರೆ, 8ನೇ ಹಂತಕ್ಕೆ ಹೋಗಿ. ಇದು ಅಲ್ಲಿನವರೇ ಸರಿಪಡಿಸಬೇಕಾದದ್ದು.

5. ಲಾಗಿನ್ ಪುಟ: ಹೆಚ್ಚಿನವರು ಮುಗ್ಗರಿಸುವುದು ಇಲ್ಲಿ

ಭಾರತದಲ್ಲಿ ಸಾರ್ವಜನಿಕ ವೈ-ಫೈ ಕೊಡುವವರು ಬಳಸುವವರ ಗುರುತು ಇಟ್ಟುಕೊಳ್ಳಬೇಕು. ಹಾಗಾಗಿ ವಿಮಾನ ನಿಲ್ದಾಣದಿಂದ ಹಿಡಿದು ಕೋ-ವರ್ಕಿಂಗ್ ಜಾಗದವರೆಗೆ ಮೊಬೈಲ್ ಸಂಖ್ಯೆ ಕೇಳಿ, ಓಟಿಪಿ ಕಳುಹಿಸುವ ಪುಟವೊಂದು ಎದುರಾಗುತ್ತದೆ. ಅದನ್ನು ದಾಟುವ ತನಕ ಸಂಕೇತ, ವಿಳಾಸ ಎರಡೂ ಸರಿಯಿದ್ದರೂ ಇಂಟರ್‌ನೆಟ್ ಇಲ್ಲ. ಪುಟ ತಾನಾಗಿಯೇ ತೆರೆದರೆ ಸರಿ. ತೆರೆಯದಿದ್ದಾಗಲೇ ಪೇಚಾಟ.

ಏಕೆ ತೆರೆಯುವುದಿಲ್ಲ ಎಂಬುದು ತಿಳಿದರೆ ಉಪಾಯ ತಾನಾಗಿ ಹೊಳೆಯುತ್ತದೆ. ನೀವು ಯಾವುದೋ ತಾಣ ಕೇಳಿದಾಗ ನೆಟ್‌ವರ್ಕು ನಡುವೆ ತಡೆದು ತನ್ನ ಪುಟ ತೋರಿಸಬೇಕು. ವಿಳಾಸ 'ಎಚ್‌ಟಿಟಿಪಿಎಸ್' ಎಂದು ಶುರುವಾಗುವ ಗೂಢಲಿಪಿಯ ತಾಣಗಳಲ್ಲಿ ಹಾಗೆ ನಡುವೆ ಕೈಹಾಕಲು ಬರುವುದಿಲ್ಲ. ಈಗ ಬಹುತೇಕ ತಾಣಗಳು ಅಂಥವೇ. ಹೀಗಾಗಿ ಪುಟ ಬರುವ ಬದಲು ಬ್ರೌಸರ್ ಸುತ್ತುತ್ತಲೇ ಇರುತ್ತದೆ, ಇಲ್ಲವೇ ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರುತ್ತದೆ. ಆ ಎಚ್ಚರಿಕೆಯನ್ನು ದಾಟಿ ಮುಂದೆ ಹೋಗಬೇಡಿ, ಪುಟ ಮುಚ್ಚಿ.

ಬದಲಿಗೆ ಗೂಢಲಿಪಿ ಇಲ್ಲದ ತಾಣವೊಂದನ್ನು ಬೇಕೆಂದೇ ತೆರೆಯಿರಿ. ಇದೇ ಉದ್ದೇಶಕ್ಕೆಂದು 'ನೆವರ್‌ಎಸ್‌ಎಸ್‌ಎಲ್ ಡಾಟ್ ಕಾಮ್' ಎಂಬ ತಾಣವಿದೆ. ಆ್ಯಪಲ್‌ನ 'ಕ್ಯಾಪ್ಟಿವ್ ಡಾಟ್ ಆ್ಯಪಲ್ ಡಾಟ್ ಕಾಮ್' ಕೂಡ ಆಗುತ್ತದೆ, ಲಾಗಿನ್ ಆಗಿದ್ದರೆ ಅದು 'ಸಕ್ಸೆಸ್' ಎಂಬ ಒಂದೇ ಪದ ತೋರಿಸುತ್ತದೆ. ವಿಳಾಸದ ಮುಂದೆ 'ಎಚ್‌ಟಿಟಿಪಿ' ಎಂದು ನೀವೇ ಬರೆಯಿರಿ, ಕೊನೆಯ ಎಸ್ ಇಲ್ಲದೆ.

ಆಗಲೂ ಬರದಿದ್ದರೆ ಅಡ್ಡಗಾಲು ಹಾಕುತ್ತಿರುವವರು ಇವರಲ್ಲೊಬ್ಬರು:

ವಿಪಿಎನ್. ನಿಮ್ಮ ಸಂಚಾರವನ್ನೆಲ್ಲ ಗುಪ್ತ ಕೊಳವೆಯಲ್ಲಿ ಸಾಗಿಸುವ ಈ ತಂತ್ರಾಂಶ ಲ್ಯಾಪ್‌ಟಾಪ್ ಹತ್ತಿದೊಡನೆ ತಾನೂ ಹತ್ತುವಂತೆ ಇರುತ್ತದೆ. ಅದಕ್ಕೆ ಇಂಟರ್‌ನೆಟ್ ಬೇಕು, ಇಂಟರ್‌ನೆಟ್ಟಿಗೆ ಲಾಗಿನ್ ಬೇಕು, ಲಾಗಿನ್ ಪುಟವನ್ನು ವಿಪಿಎನ್ ಬಿಡುವುದಿಲ್ಲ. ತಾತ್ಕಾಲಿಕವಾಗಿ ನಿಲ್ಲಿಸಿ, ಲಾಗಿನ್ ಮುಗಿಸಿ, ಕೂಡಲೇ ಮತ್ತೆ ಹಚ್ಚಿ. ನಿಲ್ಲಿಸುವ ಗುಂಡಿಯೇ ಇಲ್ಲದ ಕಂಪನಿ ಯಂತ್ರವಾದರೆ ಐಟಿ ವಿಭಾಗಕ್ಕೆ ಫೋನ್ ಮಾಡುವುದೇ ದಾರಿ.

ಕೈಯಾರೆ ತುಂಬಿದ ಡಿಎನ್‌ಎಸ್. ವೇಗ ಹೆಚ್ಚಲಿ ಎಂದು 8.8.8.8 ಅಥವಾ 1.1.1.1 ಹಾಕಿಕೊಂಡವರು ಬಹಳ ಮಂದಿ. ಮನೆಯಲ್ಲಿ ತೊಂದರೆಯಿಲ್ಲ, ಇಲ್ಲಿ ಅದು ಲಾಗಿನ್ ಪುಟದ ದಾರಿ ತಪ್ಪಿಸುತ್ತದೆ. 'ಆಟೊಮ್ಯಾಟಿಕ್' ಮಾಡಿ. ಬ್ರೌಸರಿನ ಭದ್ರತಾ ಸೆಟ್ಟಿಂಗಿನಲ್ಲಿರುವ 'ಸೆಕ್ಯೂರ್ ಡಿಎನ್‌ಎಸ್' ಕೂಡ ಕೆಲವೊಮ್ಮೆ ಇದೇ ಕೆಲಸ ಮಾಡುತ್ತದೆ. ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ನುಗಳನ್ನೂ ಒಂದು ಗಳಿಗೆ ಆಫ್ ಮಾಡಿ.

ಸಾಧನಗಳ ಮಿತಿ. ಒಂದು ಮೊಬೈಲ್ ಸಂಖ್ಯೆಗೆ ಇಷ್ಟೇ ಸಾಧನ ಎಂದು ಕೆಲವು ಕಡೆ ಕಟ್ಟುನಿಟ್ಟು ಇರುತ್ತದೆ. ನೆಟ್‌ವರ್ಕು ನಿಮ್ಮನ್ನು ಗುರುತಿಸುವುದು ಮ್ಯಾಕ್ ವಿಳಾಸದಿಂದ (ವೈ-ಫೈ ಯಂತ್ರಾಂಶದ ಗುರುತಿನ ಸಂಖ್ಯೆ ಅದು, ಆ್ಯಪಲ್ ಕಂಪ್ಯೂಟರಿಗೂ ಅದಕ್ಕೂ ಸಂಬಂಧವಿಲ್ಲ). ಗೋಪ್ಯತೆಗಾಗಿ ಈ ಸಂಖ್ಯೆಯನ್ನು ಆಗಾಗ ಬದಲಿಸುವ ಸೌಲಭ್ಯ ವಿಂಡೋಸಿನಲ್ಲೂ ಹೊಸ ಮ್ಯಾಕ್‌ಗಳಲ್ಲೂ ಇದೆ. ಬದಲಾದಾಗಲೆಲ್ಲ ನೆಟ್‌ವರ್ಕಿನ ಲೆಕ್ಕದಲ್ಲಿ ನೀವು ಹೊಸ ಸಾಧನ. ಮತ್ತೆ ಓಟಿಪಿ, ಮಿತಿಯ ಲೆಕ್ಕಕ್ಕೆ ಇನ್ನೊಂದು. ಈ ಒಂದು ನೆಟ್‌ವರ್ಕಿನ ಮಟ್ಟಿಗೆ 'ರ್‍ಯಾಂಡಮ್ ಹಾರ್ಡ್‌ವೇರ್ ಅಡ್ರೆಸಸ್' ಆಫ್ ಮಾಡಿ. ಮಿತಿ ಮುಗಿದಿದೆ ಎಂದು ಬಂದರೆ ಸ್ವಾಗತದ ಮೇಜಿನವರಿಂದ ಹಳೆಯ ನೋಂದಣಿ ಅಳಿಸಿಸಿ.

ಓಟಿಪಿಯೇ ಬರದಿದ್ದರೆ? ನೆಲಮಹಡಿಯ ಕೆಳಗಿನ ಹಾಲುಗಳಲ್ಲಿ ಫೋನಿಗೆ ಸಿಗ್ನಲ್ ಇರುವುದಿಲ್ಲ. ಮೆಟ್ಟಿಲ ತನಕ ಹೋಗಿ ಸಂದೇಶ ಇಳಿಸಿಕೊಂಡು ಬನ್ನಿ. ರಜೆಗೆ ಊರಿಗೆ ಬಂದು ಇಲ್ಲಿಂದಲೇ ಕೆಲಸ ಮಾಡುವ ಅನಿವಾಸಿ ಕನ್ನಡಿಗರ ಕಷ್ಟ ಬೇರೆ: ಹತ್ತು ಅಂಕಿಯ ಭಾರತದ ಸಂಖ್ಯೆ ಬಿಟ್ಟು ಬೇರೇನನ್ನೂ ಒಪ್ಪದ ಪುಟಗಳಿವೆ. ಹೊರಡುವ ಮೊದಲೇ ಫೋನ್ ಮಾಡಿ, ಓಟಿಪಿಗೆ ಬದಲಾಗಿ ವೋಚರ್ ಕೋಡ್ ಕೊಡುತ್ತಾರೆಯೇ ಕೇಳಿಕೊಳ್ಳಿ. ಪರಿಚಯವಿಲ್ಲದವರ ಸಂಖ್ಯೆ ಬಳಸಬೇಡಿ, ನಿಮ್ಮ ಸಂಖ್ಯೆಯನ್ನು ಅಪರಿಚಿತರಿಗೆ ಕೊಡಲೂಬೇಡಿ. ಆ ಸಂಪರ್ಕದಲ್ಲಿ ಅವರು ಮಾಡಿದ್ದೆಲ್ಲ ನಿಮ್ಮ ಹೆಸರಿನಲ್ಲಿ ದಾಖಲಾಗುತ್ತದೆ.

ಬೆಳಿಗ್ಗೆ ಲಾಗಿನ್ ಆಗಿ ಮಧ್ಯಾಹ್ನ ಥಟ್ಟನೆ ನಿಂತರೆ ಲಾಗಿನ್ನಿನ ಅವಧಿ ಮುಗಿದಿರಬಹುದು. ಕಮಾನಿನ ಗುರುತು ಹಾಗೇ ಇರುವುದರಿಂದ ಇದು ಗೊತ್ತಾಗುವುದಿಲ್ಲ. ನೆವರ್‌ಎಸ್‌ಎಸ್‌ಎಲ್ ಮತ್ತೆ ತೆರೆಯಿರಿ. ಮುಖ್ಯ ಮೀಟಿಂಗಿಗೆ ಮೊದಲು ಹೊಸದಾಗಿ ಲಾಗಿನ್ ಆಗಿಬಿಡುವುದು ಜಾಣತನ.

ಎಚ್ಚರಿಕೆ: ಲಾಗಿನ್ ಪುಟ ಸಂಖ್ಯೆ, ಹೆಸರು, ಇಮೇಲ್ ಕೇಳಬಹುದು. ಆ್ಯಪ್ ಇಳಿಸಿಕೊಳ್ಳಿ, ಸರ್ಟಿಫಿಕೇಟ್ ಸ್ಥಾಪಿಸಿ, ಇಮೇಲಿನ ಪಾಸ್‌ವರ್ಡ್ ಕೊಡಿ ಎಂದರೆ ಅಲ್ಲಿಗೇ ನಿಲ್ಲಿಸಿ.

6. ಅರ್ಧ ಮಾತ್ರ ಕೆಲಸ ಮಾಡುತ್ತಿದ್ದರೆ

ತಾಣದ ಹೆಸರನ್ನು ಸಂಖ್ಯೆಯ ವಿಳಾಸಕ್ಕೆ ಬದಲಿಸುವುದು ಡಿಎನ್‌ಎಸ್‌ನ ಕೆಲಸ. ಅದು ಕೆಟ್ಟಾಗ ಮೊದಲೇ ತೆರೆದಿದ್ದ ಚಾಟು ಓಡುತ್ತಿರುತ್ತದೆ, ಹೊಸ ತಾಣ ಮಾತ್ರ ತೆರೆಯುವುದಿಲ್ಲ. ವಿಂಡೋಸಿನ ಕಮಾಂಡ್ ಪ್ರಾಂಪ್ಟ್ ತೆರೆದು 'ಪಿಂಗ್ 8.8.8.8' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಉತ್ತರ ಬಂದು, ಬ್ರೌಸರಿನಲ್ಲಿ ಹೆಸರು ಮಾತ್ರ ಸಿಗದಿದ್ದರೆ ತಪ್ಪು ಡಿಎನ್‌ಎಸ್‌ನದು. ಡಿಎನ್‌ಎಸ್ ಆಟೊಮ್ಯಾಟಿಕ್ ಇದೆಯೇ ನೋಡಿ, ವೈ-ಫೈ ಆರಿಸಿ ಹಚ್ಚಿ. ಉತ್ತರ ಬಾರದಿದ್ದರೆ ಮಾತ್ರ ಅವಸರದ ತೀರ್ಮಾನ ಬೇಡ, ಪಿಂಗ್ ಅನ್ನೇ ತಡೆಯುವ ನೆಟ್‌ವರ್ಕುಗಳೂ ಇವೆ.

ಎಲ್ಲ ತಾಣಗಳಲ್ಲೂ ಸರ್ಟಿಫಿಕೇಟ್ ದೋಷ ಕಂಡರೆ ಲ್ಯಾಪ್‌ಟಾಪಿನ ದಿನಾಂಕ, ಸಮಯ ನೋಡಿ. ಹಳೆಯ ಲ್ಯಾಪ್‌ಟಾಪಿನ ಗಡಿಯಾರ ಹಿಂದೆ ಬಿದ್ದರೆ ಎಲ್ಲ ತಾಣಗಳೂ ಅಸುರಕ್ಷಿತ ಎನ್ನಿಸಿಕೊಳ್ಳುತ್ತವೆ. ಬ್ರೌಸರ್ ಏನೂ ತೆರೆಯದೆ ಬೇರೆ ಆ್ಯಪ್‌ಗಳು ನಡೆಯುತ್ತಿದ್ದರೆ ಹಳೆಯ ಆಫೀಸಿನ ಪ್ರಾಕ್ಸಿ (ಸಂಚಾರವನ್ನು ನಡುವಿನ ಇನ್ನೊಂದು ಕಂಪ್ಯೂಟರಿನ ಮೂಲಕ ಕಳುಹಿಸುವ ವ್ಯವಸ್ಥೆ) ಸೆಟ್ಟಿಂಗು ಉಳಿದುಕೊಂಡಿದೆಯೇ ಹುಡುಕಿ. ವಿಪಿಎನ್ ಒಂದೇ ಹತ್ತದಿದ್ದರೆ ಅದರ ಸೆಟ್ಟಿಂಗಿನಲ್ಲಿ 'ಟಿಸಿಪಿ 443' ಎಂಬ ಆಯ್ಕೆ ಇದ್ದರೆ ಬದಲಿಸಿ ನೋಡಿ. ಸಾಮಾನ್ಯ ತಾಣಗಳು ಬಳಸುವ ಬಾಗಿಲು ಅದೇ ಆದ್ದರಿಂದ ಅದನ್ನು ಮುಚ್ಚುವವರು ಕಡಿಮೆ.

ಪಕ್ಕದಲ್ಲೇ ಇರುವ ಪ್ರಿಂಟರ್ ಕಾಣದಿದ್ದರೆ ಅದು ದೋಷವಲ್ಲ. ಸಾರ್ವಜನಿಕ ನೆಟ್‌ವರ್ಕುಗಳಲ್ಲಿ ಒಬ್ಬರ ಸಾಧನ ಇನ್ನೊಬ್ಬರದಕ್ಕೆ ಕಾಣದಂತೆ ಬೇಕೆಂದೇ ತಡೆದಿರುತ್ತಾರೆ, ನಿಮ್ಮ ಒಳ್ಳೆಯದಕ್ಕೇ.

7. ಲ್ಯಾಪ್‌ಟಾಪಿನದೇ ತೊಂದರೆ ಎಂದು ಖಚಿತವಾದರೆ

ಮೊದಲು ಏರೋಪ್ಲೇನ್ ಮೋಡ್ ನೋಡಿ, ಕೀಲಿಮಣೆಯ ಮೇಲಿನ ಸಾಲಿನಲ್ಲಿ ಕೈ ತಗುಲಿ ಅದು ಹತ್ತಿರುವುದುಂಟು. ಆಮೇಲೆ ವಿಂಡೋಸ್ ಆದರೆ 'ರೀಸ್ಟಾರ್ಟ್' ಮಾಡಿ. 'ಶಟ್ ಡೌನ್' ಮಾಡಿ ಹಚ್ಚಿದರೆ ಸಾಲದು: 'ಫಾಸ್ಟ್ ಸ್ಟಾರ್ಟಪ್' ಎಂಬ ಸೌಲಭ್ಯ ಹತ್ತಿದ್ದರೆ ಶಟ್ ಡೌನ್ ಆದಾಗ ವಿಂಡೋಸ್ ತನ್ನ ಒಳಗಿನ ಸ್ಥಿತಿಯನ್ನು ಉಳಿಸಿಟ್ಟುಕೊಂಡು ಮರುದಿನ ಅದನ್ನೇ ಎಬ್ಬಿಸುತ್ತದೆ, ದೋಷದ ಸಮೇತ. ರೀಸ್ಟಾರ್ಟ್ ಮಾತ್ರ ಹೊಸದಾಗಿ ಶುರುಮಾಡುತ್ತದೆ.

ಚಾರ್ಜರ್ ಇದ್ದಾಗ ಸರಿಯಿದ್ದು ಬ್ಯಾಟರಿಯಲ್ಲಿ ಕಡಿದುಹೋಗುತ್ತಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ವೈ-ಫೈ ಅಡಾಪ್ಟರಿನ 'ಪವರ್ ಮ್ಯಾನೇಜ್‌ಮೆಂಟ್' ತೆರೆದು, ವಿದ್ಯುತ್ ಉಳಿಸಲು ಸಾಧನವನ್ನು ಆರಿಸುವ ಅನುಮತಿಯ ಗುರುತು ತೆಗೆಯಿರಿ. ಎಲ್ಲ ಲ್ಯಾಪ್‌ಟಾಪುಗಳಲ್ಲೂ ಈ ಆಯ್ಕೆ ಕಾಣುವುದಿಲ್ಲ. ವಿಂಡೋಸ್ ಅಪ್‌ಡೇಟ್ ಆದ ಮೇಲೆ ತೊಂದರೆ ಶುರುವಾಗಿದ್ದರೆ ಅಲ್ಲೇ 'ರೋಲ್ ಬ್ಯಾಕ್ ಡ್ರೈವರ್' ಒತ್ತಿ ಹಿಂದಿನದಕ್ಕೆ ಮರಳಿ. ಹೊಸ ಡ್ರೈವರ್ ಬೇಕಾದರೆ ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಮಾತ್ರ. ಇಂಟರ್‌ನೆಟ್ಟೇ ಇಲ್ಲದೆ ಇಳಿಸಿಕೊಳ್ಳುವುದು ಹೇಗೆ? ಫೋನನ್ನು ಕೇಬಲ್ಲಿನಿಂದ ಜೋಡಿಸಿ 'ಯುಎಸ್‌ಬಿ ಟೆದರಿಂಗ್' ಹಚ್ಚಿ, ಅದಕ್ಕೆ ವೈ-ಫೈ ಬೇಕಿಲ್ಲ.

'ನೆಟ್‌ವರ್ಕ್ ರೀಸೆಟ್' ಕಟ್ಟಕಡೆಗೆ. ಉಳಿಸಿಟ್ಟ ವೈ-ಫೈ ಪಾಸ್‌ವರ್ಡುಗಳೂ ವಿಪಿಎನ್ ಹೊಂದಿಸಿಟ್ಟದ್ದೂ ಅದರಲ್ಲಿ ಹೋಗುತ್ತವೆ. ಮೀಟಿಂಗ್ ಬಾಕಿ ಇರುವ ದಿನ ಇದನ್ನು ಮಾಡಲೇಬೇಡಿ. ಹಾಟ್‌ಸ್ಪಾಟಿನಲ್ಲೋ ಟೆದರಿಂಗಿನಲ್ಲೋ ಕೆಲಸ ಮುಗಿಸಿ, ಮನೆಗೆ ಹೋಗಿ ನಿಧಾನವಾಗಿ ಮಾಡಿ.

8. ಅಲ್ಲಿನವರಿಗೆ ತಿಳಿಸುವುದು

'ನೆಟ್ ಬರುತ್ತಿಲ್ಲ' ಎಂದಷ್ಟೇ ಹೇಳಿದರೆ 'ಒಂದು ಸಲ ರೀಸ್ಟಾರ್ಟ್ ಮಾಡಿ ನೋಡಿ ಸಾರ್' ಎಂಬ ಉತ್ತರ ಬರುತ್ತದೆ, ಅವರನ್ನು ದೂರುವಂತಿಲ್ಲ. ಅಲ್ಲಿ ಕುಳಿತವರು ನೆಟ್‌ವರ್ಕ್ ನೋಡಿಕೊಳ್ಳುವ ಬೇರೊಬ್ಬರಿಗೆ ಫೋನ್ ಮಾಡಿ ಹೇಳಬೇಕು. ಆ ಇನ್ನೊಬ್ಬರಿಗೆ ಉಪಯೋಗಕ್ಕೆ ಬರುವಂಥದ್ದನ್ನು ಬರೆದು ಕೊಡಿ. ಪ್ರಾಪರ್ಟೀಸ್ ಪುಟದಲ್ಲಿ 'ಕಾಪಿ' ಎಂಬ ಗುಂಡಿಯಿದೆ, ಒತ್ತಿದರೆ ಎಲ್ಲ ವಿವರವೂ ಒಟ್ಟಿಗೆ ಬರುತ್ತದೆ. ಅದರ ಮೇಲೆ ಹೀಗೊಂದು ನಾಲ್ಕು ಸಾಲು ಸೇರಿಸಿ:

"ಎರಡನೇ ಮಹಡಿ, ಕಿಟಕಿ ಪಕ್ಕದ ಮೇಜು. ಮಧ್ಯಾಹ್ನ 2.10ರಿಂದ ಇಂಟರ್‌ನೆಟ್ ಇಲ್ಲ. ಗೆಸ್ಟ್ ನೆಟ್‌ವರ್ಕಿಗೆ ಜೋಡಣೆಯಾಗಿದೆ, ಸಂಕೇತ ಚೆನ್ನಾಗಿದೆ, ಆದರೆ ಐಪಿ ವಿಳಾಸ 169.254 ಎಂದು ಬರುತ್ತಿದೆ. ಪಕ್ಕದ ಮೇಜಿನವರಿಗೂ ಹೀಗೇ ಆಗಿದೆ. ಇದೇ ಲ್ಯಾಪ್‌ಟಾಪ್ ಫೋನಿನ ಹಾಟ್‌ಸ್ಪಾಟಿನಲ್ಲಿ ಸರಿಯಾಗಿದೆ. ರೀಸ್ಟಾರ್ಟ್ ಮಾಡಿ ಆಗಿದೆ."

ಇದನ್ನು ಓದಿದ ತಂತ್ರಜ್ಞರಿಗೆ ವಿಳಾಸಗಳು ಮುಗಿದಿವೆಯೆಂಬ ಅನುಮಾನ ಕೂಡಲೇ ಬರುತ್ತದೆ. ಲಾಗಿನ್ನಿನ ತೊಂದರೆಯಾದರೆ ಐಪಿ ಬದಲು ನಿಮ್ಮ ಮ್ಯಾಕ್ ವಿಳಾಸ ಮತ್ತು ನೋಂದಾಯಿಸಿದ ಮೊಬೈಲ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಬರೆಯಿರಿ, ಓಟಿಪಿ ಬರೆಯಬೇಡಿ. ಒಂದೇ ಮೂಲೆಯಲ್ಲಿ ದಿನವೂ ಸಂಕೇತ ಸಾಯುತ್ತಿದ್ದರೆ ಮೇಜಿನ ಸಂಖ್ಯೆಯ ಜೊತೆ ಆರ್‌ಎಸ್‌ಎಸ್‌ಐ ಅಥವಾ ಲಿಂಕ್ ವೇಗವನ್ನೂ ಬರೆದುಕೊಡಿ. ತಿಂಗಳ ಬಾಡಿಗೆಗೆ ಜಾಗ ಹಿಡಿದವರಾದರೆ ಮೇಜಿಗೆ ಎಥರ್ನೆಟ್ ತಂತಿ ಕೊಡುತ್ತೀರಾ ಎಂದೂ ಕೇಳಿ. ಹಲವು ಕಡೆ ಮೇಜಿನ ಅಡಿಯ ಪೆಟ್ಟಿಗೆಯಲ್ಲಿ ಅದರ ಕಿಂಡಿ ಆಗಲೇ ಇರುತ್ತದೆ, ಕೇಳಿದವರಿಗೆ ಮಾತ್ರ ಅದಕ್ಕೆ ಸಂಪರ್ಕ ಕೊಡುತ್ತಾರೆ.